ಔಟಾದ ಮಗು ಎಲ್ಲಿ ಕೂರುತ್ತದೆ?

ಹೋದ ವರ್ಷ ಇಂಟರ್ನ್‌ಶಿಪ್ ನಡೆಯುತ್ತಿದ್ದಾಗ ಪಾಠ ವೀಕ್ಷಣೆಗೆಂದು ದಾವಣಗೆರೆಯ ಒಂದು ಶಾಲೆಗೆ ಹೋಗಿದ್ದೆ. ನಮ್ಮ ಪ್ರಶಿಕ್ಷಣಾರ್ಥಿಯ ಗಣಿತ ಪಾಠ ಇದ್ದದ್ದು ನಾಲ್ಕನೇ ಅವಧಿಗೆ. ಬಸ್ಸು ಬೇಗ ಸಿಕ್ಕಿದ್ದರಿಂದ ನಾನು ಮೂರನೇ ಅವಧಿಗೇ ತಲುಪಿಬಿಟ್ಟೆ. ಮಾಡಲು ಕೆಲಸವಿಲ್ಲದೆ ಸ್ಟಾಫ್ ರೂಮಿನ ಕಿಟಕಿ ಪಕ್ಕ ಕೂತೆ. ಹೊರಗೆ ಏಳನೇ ತರಗತಿಯ ಆಟದ ಅವಧಿ, ಹುಡುಗರು ಲಗೋರಿ ಆಡುತ್ತಿದ್ದರು. ಆಟ ಶುರುವಾಗಿ ಎರಡು ಮೂರು ನಿಮಿಷವಾಗಿರಬೇಕು, ದಪ್ಪನೆಯ ಹುಡುಗನೊಬ್ಬನ ಬೆನ್ನಿಗೆ ಚೆಂಡು ಬಿತ್ತು. ‘ಔಟ್ ಔಟ್’ ಎಂದು ಕೂಗಿದರು. ಅವನು ಹೊಂಗೆಮರದ ಕೆಳಗೆ, ಎಲ್ಲರ ನೀರಿನ ಬಾಟಲಿಗಳನ್ನಿಟ್ಟಿದ್ದ ಕಡೆ ಹೋಗಿ ಕೂತ. ಮತ್ತೊಂದು ಸುತ್ತು ಆರಂಭವಾದಾಗ ಎದ್ದು ಬಂದ, ಮತ್ತೆ ಮೊದಲು ಅವನಿಗೇ ಚೆಂಡು. ಮೂರನೇ ಸುತ್ತಿಗೆ ಅವನು ಏಳಲೇ ಇಲ್ಲ. ಯಾರೂ ಕರೆಯಲೂ ಇಲ್ಲ. ಗಂಟೆ ಹೊಡೆದಾಗ ಚಡ್ಡಿಯ ಧೂಳು ಕೊಡವಿಕೊಂಡು ಒಳಗೆ ಹೋದ. ನಲವತ್ತು ನಿಮಿಷದ ಅವಧಿಯಲ್ಲಿ ಅವನು ಓಡಿದ್ದು ಐದಾರು ನಿಮಿಷ ಇದ್ದರೆ ಹೆಚ್ಚು.

ಅವನು ಸೋಮಾರಿಯಾಗಿದ್ದರಿಂದ ಕೂತದ್ದಲ್ಲ. ಆಟದ ನಿಯಮವೇ ಅವನನ್ನು ಕೂರಿಸಿತು. ತರಗತಿಯಲ್ಲಿ ಯಾರಿಗೆ ಓಟ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತೋ ಅವನಿಗೇ ಎಲ್ಲರಿಗಿಂತ ಕಡಿಮೆ ಓಟ ಸಿಕ್ಕಿತು. ಇದನ್ನು ನೋಡಿದ ಮೇಲೆ ನಾಲ್ಕನೇ ಅವಧಿಗೆ ಹೋಗಿ ಭಿನ್ನರಾಶಿಯ ಪಾಠ ವೀಕ್ಷಿಸಿದೆ. ಪೀಠಿಕೆ ಚೆನ್ನಾಗಿತ್ತು, ಕಪ್ಪುಹಲಗೆಯ ಕೆಲಸ ಸುಧಾರಿಸಬೇಕು, ಹಿಂದಿನ ಬೆಂಚಿಗೆ ಪ್ರಶ್ನೆ ಕೇಳಲಿಲ್ಲ ಎಂದೆಲ್ಲ ಒಂದು ಪುಟ ಬರೆದೆ. ಹಿಂದಿನ ಬೆಂಚಿನ ಮಗುವನ್ನು ಗುರುತಿಸಲು ನಮಗೆ ತರಬೇತಿ ಇದೆ. ಹೊಂಗೆಮರದ ಕೆಳಗಿನ ಮಗುವನ್ನು ಬರೆಯಲು ನಮ್ಮ ಅವಲೋಕನ ಪಟ್ಟಿಯಲ್ಲಿ ಜಾಗವೇ ಇಲ್ಲ.

ಮಕ್ಕಳ ಬೊಜ್ಜು ತಡೆಯುವ ಕೆಲಸದಲ್ಲಿ ಕ್ರೀಡೆಯನ್ನೂ ವಿದ್ಯಾರ್ಥಿ ಸ್ವಯಂಸೇವಕರನ್ನೂ ಬಳಸಬೇಕೆಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ನಾನೂ ಅದನ್ನು ಒಪ್ಪುವವಳೇ. ಆದರೆ ಹೇಗೆ ಬಳಸುತ್ತೇವೆ ಎಂಬುದರಲ್ಲಿ ನನಗೆ ತಕರಾರಿದೆ. ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳು ಈ ಕೆಲಸಕ್ಕೆ ತಕ್ಕವರು. ಅವರು ಮೈದಾನಕ್ಕೆ ಇಳಿಯಬೇಕು. ತಂಡ ಕಟ್ಟುವುದಕ್ಕಲ್ಲ, ಕಪ್ ಗೆಲ್ಲಿಸುವುದಕ್ಕಲ್ಲ, ಮಕ್ಕಳ ತೂಕ ನೋಡುವುದಕ್ಕಂತೂ ಅಲ್ಲವೇ ಅಲ್ಲ. ಔಟಾದ ಮಗುವನ್ನು ಮತ್ತೆ ಆಟದೊಳಗೆ ತರುವುದಕ್ಕೆ.

‘ನಮ್ಮ ಮಕ್ಕಳಿಗೆ ಬೊಜ್ಜೆಲ್ಲಿದೆ ಮೇಡಂ, ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಾರೆ’ ಎಂದು ಮುಖ್ಯೋಪಾಧ್ಯಾಯರೊಬ್ಬರು ನನ್ನೊಡನೆ ವಾದಿಸಿದರು. ಅವರ ಮಾತಿನಲ್ಲಿ ನಿಜವಿದೆ. 2016–18ರಲ್ಲಿ ನಡೆದ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯ ಪ್ರಕಾರ 10ರಿಂದ 19 ವರ್ಷದವರಲ್ಲಿ ವಯಸ್ಸಿಗೆ ತಕ್ಕ ಮೈ ಇಲ್ಲದವರು ಶೇ. 24, ಅಧಿಕ ತೂಕದವರು ಶೇ. 5. ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಶೇ. 35.5 ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದೇ ಸಮೀಕ್ಷೆಯಲ್ಲಿ ಅಧಿಕ ತೂಕದ ಪ್ರಮಾಣ ಶೇ. 2.1ರಿಂದ 3.4ಕ್ಕೆ ಏರಿರುವುದೂ ಇದೆ. ಅಂದರೆ ಎರಡೂ ಒಟ್ಟಿಗೇ ಇವೆ, ಕೆಲವೊಮ್ಮೆ ಒಂದೇ ಬೀದಿಯಲ್ಲಿ, ಒಂದೇ ತರಗತಿಯಲ್ಲಿ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಇನ್ನೊಂದು ಸಂಗತಿಯನ್ನೂ ಶಿಕ್ಷಕರು ತಿಳಿದಿರಬೇಕು. ನಮ್ಮಲ್ಲಿ ಹುಟ್ಟುವ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೂಕದಲ್ಲಿ ಕಡಿಮೆ. ಆದರೆ ಆ ಕಡಿಮೆ ತೂಕದಲ್ಲಿ ಸ್ನಾಯು ಇನ್ನೂ ಕಡಿಮೆ, ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಲ್ಲ. ಸಣಕಲಾಗಿ ಕಾಣುವ ಮಗುವಿಗೂ ದೊಡ್ಡವನಾದ ಮೇಲೆ ಸಕ್ಕರೆ ಕಾಯಿಲೆಯ ಅಪಾಯ ತಪ್ಪಿದ್ದಲ್ಲ. ಆದ್ದರಿಂದ ದಪ್ಪ ಮಕ್ಕಳನ್ನು ಬೇರೆ ಸಾಲು ಮಾಡಿ ಓಡಿಸುವ ಯೋಚನೆ ಅಮಾನವೀಯವಷ್ಟೇ ಅಲ್ಲ, ಲೆಕ್ಕದಲ್ಲೂ ತಪ್ಪು. ತೆಳ್ಳಗಿರುವವರಿಗೂ ಸ್ನಾಯು ಬೆಳೆಯಬೇಕು, ಅದಕ್ಕೂ ಆಟವೇ ಬೇಕು.

ಇನ್ನು ಸಮಯದ ಲೆಕ್ಕ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಂತೆ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ 420 ನಿಮಿಷ. ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಆಟದ ಅವಧಿ ಇದ್ದರೆ, ಎರಡೂ ನಡೆದರೆ, 80 ನಿಮಿಷ. ‘ನಡೆದರೆ’ ಎಂಬ ಪದವನ್ನು ಬೇಕೆಂದೇ ಬರೆದಿದ್ದೇನೆ. ಜನವರಿ ಬಂತೆಂದರೆ ಹತ್ತನೇ ತರಗತಿಯ ಆಟದ ಅವಧಿ ಗಣಿತದವರ ಪಾಲು, ಅವರು ಬಿಟ್ಟರೆ ವಿಜ್ಞಾನದವರ ಪಾಲು. ನಾನೂ ಶಾಲೆಯಲ್ಲಿದ್ದಾಗ ಹೀಗೆ ಅವಧಿ ಕಸಿದುಕೊಂಡವಳೇ. ಮಳೆ ಬಂದರೆ ಆಟ ಇಲ್ಲ, ಬಿಸಿಲು ಹೆಚ್ಚಾದರೆ ಇಲ್ಲ, ತಪಾಸಣೆ ಬಂದರೆ ಇಲ್ಲ. ಉಳಿದ ಅವಧಿಯಲ್ಲಿ ಹಾಜರಿ, ಸಾಲು, ಕವಾಯತು ಕಳೆದು ಕೊನೆಗೆ ಆಟಕ್ಕೆ ಸಿಗುವುದು ಎಷ್ಟು ಎಂದು ಗಡಿಯಾರ ಹಿಡಿದು ನೋಡಿದವರು ಕಡಿಮೆ.

ದೈಹಿಕ ಶಿಕ್ಷಣ ಶಿಕ್ಷಕರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಇಡೀ ಶಾಲೆಗೆ ಅವರು ಒಬ್ಬರೇ. ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಆ ಒಬ್ಬರೂ ಇಲ್ಲ. ಇರುವ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ ಕ್ಲಸ್ಟರ್, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಕ್ರೀಡಾಕೂಟಗಳ ಸಾಲು. ಆ ದಿನಗಳಲ್ಲಿ ಅವರ ಗಮನವೆಲ್ಲ ಆಯ್ಕೆಯಾದ ಹತ್ತು ಹನ್ನೆರಡು ಮಕ್ಕಳ ಮೇಲೆ. ಆ ಮಕ್ಕಳು ಗೆದ್ದು ತಂದ ಕಪ್ಪು ಮುಖ್ಯೋಪಾಧ್ಯಾಯರ ಕೊಠಡಿಯ ಗಾಜಿನ ಬೀರುವಿನಲ್ಲಿರುತ್ತದೆ. ಉಳಿದ ಮುನ್ನೂರು ಮಕ್ಕಳಿಗೆ ಒಂದು ಚೆಂಡು ಕೊಟ್ಟು ‘ಆಡ್ಕೊಳ್ರೋ’ ಎನ್ನುತ್ತಾರೆ. ಪಾಪ, ಅವರು ಮಾಡುವುದಾದರೂ ಏನು? ಈ ಜಾಗದಲ್ಲಿ ಇನ್ನೂ ನಾಲ್ಕು ಜೊತೆ ಕೈ ಬೇಕು ಎಂಬುದಷ್ಟೇ ನನ್ನ ಮಾತು.

ಆ ಕೈಗಳು ನಮ್ಮಲ್ಲಿವೆ. 2014ರ ಎನ್‌ಸಿಟಿಇ ನಿಯಮಾವಳಿ ಬಂದ ಮೇಲೆ ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕು. ಎರಡನೇ ವರ್ಷ ಒಮ್ಮೆಲೇ 16 ವಾರ. ಒಂದು ಶಾಲೆಗೆ ಆರೆಂಟು ಜನ ಹೋಗುತ್ತಾರೆ. ಪಾಠವಿಲ್ಲದ ಅವಧಿಯಲ್ಲಿ ಅವರು ಏನು ಮಾಡುತ್ತಾರೆಂದು ನಮಗೆಲ್ಲ ಗೊತ್ತು: ರೆಕಾರ್ಡ್ ಬರೆಯುತ್ತಾರೆ, ಚಾರ್ಟಿಗೆ ಬಣ್ಣ ಹಚ್ಚುತ್ತಾರೆ, ರಜೆಯಲ್ಲಿರುವ ಶಿಕ್ಷಕರ ಬದಲಿಗೆ ತರಗತಿಯಲ್ಲಿ ಗಲಾಟೆ ಆಗದಂತೆ ನೋಡಿಕೊಳ್ಳುತ್ತಾರೆ. ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ಹುಡುಗ ಹುಡುಗಿಯರು. ಮಕ್ಕಳ ಕಣ್ಣಿಗೆ ಅವರು ಅರ್ಧ ಟೀಚರ್, ಅರ್ಧ ಅಕ್ಕ ಅಥವಾ ಅಣ್ಣ. ಈ ಅರ್ಧರ್ಧ ಸ್ಥಿತಿ ಪಾಠ ಮಾಡುವಾಗ ಶಿಸ್ತಿನ ತೊಂದರೆ ತರುತ್ತದೆಂದು ಪ್ರಶಿಕ್ಷಣಾರ್ಥಿಗಳು ಅಳುತ್ತಾ ಬರುತ್ತಾರೆ. ಮೈದಾನದಲ್ಲಿ ಮಾತ್ರ ಅದೇ ಅವರ ಬಂಡವಾಳ.

ಆದರೆ ಸ್ವಯಂಸೇವಕರನ್ನು ಸುಮ್ಮನೆ ಕಳಿಸಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಉತ್ಸಾಹದಿಂದ ಒಂದು ಆರೋಗ್ಯ ಶಿಬಿರ ಏರ್ಪಡಿಸಿದೆ. ಪ್ರಶಿಕ್ಷಣಾರ್ಥಿಗಳು ಶಾಲೆಯ ಪಡಸಾಲೆಯಲ್ಲಿ ತೂಕದ ಯಂತ್ರ ಇಟ್ಟರು. ಒಬ್ಬರು ತೂಕ ನೋಡಿ ಗಟ್ಟಿಯಾಗಿ ಕೂಗುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಸಾಲಿನಲ್ಲಿದ್ದ ಮಕ್ಕಳು ಒಂದೊಂದು ಸಂಖ್ಯೆಗೂ ‘ಓ’ ಎಂದು ಕೂಗಿದರು. ಸಂಜೆ ಒಂದು ಚಾರ್ಟ್ ತಯಾರಾಯಿತು. ಕಡಿಮೆ ತೂಕಕ್ಕೆ ಹಳದಿ, ಸರಿಯಿದ್ದರೆ ಹಸಿರು, ಹೆಚ್ಚಿದ್ದರೆ ಕೆಂಪು. ಹೆಸರಿನ ಸಮೇತ ಸೂಚನಾ ಫಲಕದಲ್ಲಿ ಅಂಟಿಸಿದರು. ಚಾರ್ಟ್ ಅಂದವಾಗಿದೆ ಎಂದು ನಾನೇ ಹೊಗಳಿದೆ.

ಮಾರನೆಯ ದಿನ ಆರನೇ ತರಗತಿಯ ಒಬ್ಬ ಹುಡುಗಿ ಶಾಲೆಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಅವಳ ತಾಯಿ ಬಂದರು. ‘ಮೇಡಂ, ನೀವೇನೋ ತೂಕ ನೋಡಿದ್ರಂತೆ. ನಮ್ಮ ಹುಡುಗಿ ಎರಡು ದಿನದಿಂದ ಬೆಳಿಗ್ಗೆ ತಿಂಡಿ ತಿಂತಿಲ್ಲ. ಬೋರ್ಡ್ ಮೇಲೆ ನನ್ನ ಹೆಸರು ಕೆಂಪು ಇದೆ ಅಂತಾಳೆ’ ಎಂದರು. ಅವರು ಜಗಳವಾಡಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು. ಚಾರ್ಟ್ ತೆಗೆಸಿದೆ. ಹುಡುಗಿ ಶಾಲೆಗೆ ಬಂದಳು. ಆದರೆ ಆಟದ ಅವಧಿಗೆ ಹೊಟ್ಟೆನೋವು ಎನ್ನುವುದು ಅವಳಿಗೆ ಅಭ್ಯಾಸವಾಯಿತು ಎಂದು ಆಮೇಲೆ ತರಗತಿ ಶಿಕ್ಷಕಿ ಹೇಳಿದರು. ಬೊಜ್ಜು ತಡೆಯಲು ಹೋದ ನಾವು ಒಂದು ಮಗುವನ್ನು ಮೈದಾನದಿಂದಲೇ ಓಡಿಸಿದ್ದೆವು.

ಅದರಲ್ಲಿ ಇನ್ನೊಂದು ತಪ್ಪೂ ಇತ್ತು. ನಮ್ಮವರು ಬಿಎಂಐ ಲೆಕ್ಕ ಹಾಕಿ, ದೊಡ್ಡವರಿಗೆ ಹಾಕುವ 18.5 ಮತ್ತು 25ರ ಗೆರೆಗಳನ್ನೇ ಮಕ್ಕಳಿಗೂ ಹಾಕಿಬಿಟ್ಟಿದ್ದರು. ಮಕ್ಕಳಲ್ಲಿ ಈ ಗೆರೆ ವಯಸ್ಸಿಗೆ, ಗಂಡು ಹೆಣ್ಣಿಗೆ ತಕ್ಕಂತೆ ಬದಲಾಗುತ್ತದೆ. ಹತ್ತು ವರ್ಷದ ಹುಡುಗನ ಬಿಎಂಐ 20 ಇದ್ದರೆ ದೊಡ್ಡವರ ಪಟ್ಟಿಯಲ್ಲಿ ಅವನು ಹಸಿರು. ವಿಶ್ವ ಆರೋಗ್ಯ ಸಂಸ್ಥೆಯ 2007ರ ಬೆಳವಣಿಗೆ ಪಟ್ಟಿಯಲ್ಲಿ ಆ ವಯಸ್ಸಿಗೆ ಅಧಿಕ ತೂಕದ ಗೆರೆ 18.5, ಆದ್ದರಿಂದ ಅವನು ಅದನ್ನು ದಾಟಿದವನು. ಭಾರತೀಯ ಮಕ್ಕಳ ವೈದ್ಯರ ಸಂಘವೂ 2015ರಲ್ಲಿ ನಮ್ಮ ಮಕ್ಕಳಿಗೆಂದೇ ಬೇರೆ ಪಟ್ಟಿ ಕೊಟ್ಟಿದೆ. ಇದನ್ನು ಓದಿ ಅರ್ಥ ಹೇಳಬೇಕಾದವರು ವೈದ್ಯರು. ಅಂದಿನಿಂದ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ: ನಮ್ಮ ಪ್ರಶಿಕ್ಷಣಾರ್ಥಿಗಳು ಯಾವ ಮಗುವಿನ ತೂಕವನ್ನೂ ನೋಡುವಂತಿಲ್ಲ. ಅಳೆಯಲೇಬೇಕೆಂದಿದ್ದರೆ ಶಾಲೆಯನ್ನು ಅಳೆಯಲಿ. ಎಷ್ಟು ಅವಧಿ ನಡೆಯಿತು, ಅದರಲ್ಲಿ ಎಷ್ಟು ನಿಮಿಷ ಮಕ್ಕಳು ಓಡಿದರು, ಯಾರು ಕೂತಿದ್ದರು, ಯಾಕೆ ಕೂತಿದ್ದರು?

ಹೋದ ವರ್ಷ ಲಗೋರಿ ನೋಡಿದ ಮೇಲೆ ಅದನ್ನೇ ಮಾಡಿದೆವು. ಆ ಶಾಲೆಯಲ್ಲಿದ್ದ ಪ್ರಶಿಕ್ಷಣಾರ್ಥಿಗಳಿಗೆ ಆಟಗಳನ್ನು ಪಾಠದ ಹಾಗೆ ವಿಶ್ಲೇಷಿಸಲು ಹೇಳಿದೆ. ಪ್ರಶ್ನೆ ಒಂದೇ: ಈ ಆಟದಲ್ಲಿ ಒಂದು ಕ್ಷಣಕ್ಕೆ ಎಷ್ಟು ಮಕ್ಕಳು ಓಡುತ್ತಾರೆ? ಖೋ-ಖೋ ನಮ್ಮ ಹೆಮ್ಮೆಯ ಆಟ. ಲೆಕ್ಕ ಹಾಕಿದರೆ ಬೆನ್ನಟ್ಟುವ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಜನ ಚೌಕದಲ್ಲಿ ಕೂತಿರುತ್ತಾರೆ, ಒಬ್ಬ ಓಡುತ್ತಾನೆ. ಎದುರು ತಂಡದಿಂದ ಅಂಕಣಕ್ಕೆ ಇಳಿಯುವುದು ಮೂವರು, ಆರು ಜನ ಹೊರಗೆ. ಹದಿನೆಂಟು ಜನರಲ್ಲಿ ಓಡುವವರು ನಾಲ್ವರು. ಚುರುಕಾಗಿ ಖೋ ಕೊಡುವ ತಂಡದಲ್ಲಿ ಎಲ್ಲರಿಗೂ ಸರದಿ ಬೇಗ ಬರುತ್ತದೆ ನಿಜ. ಶಾಲೆಯ ಆಟದಲ್ಲಿ ‘ಅವನಿಗೆ ಕೊಡ್ಬೇಡ್ವೋ, ಅವನು ಓಡಲ್ಲ’ ಎಂಬ ಕೂಗು ನೀವೂ ಕೇಳಿರುತ್ತೀರಿ. ಕಬಡ್ಡಿಯಲ್ಲಿ ಔಟಾದವನು ತನ್ನ ಕಡೆಯವರು ಎದುರಾಳಿಯನ್ನು ಹಿಡಿಯುವವರೆಗೆ ಹೊರಗೆ ಕೂರಬೇಕು. ಕುಂಟೆಬಿಲ್ಲೆಯಲ್ಲಿ ಒಬ್ಬಳು ಕುಂಟುತ್ತಾಳೆ, ಐದು ಜನ ನಿಂತಿರುತ್ತಾರೆ. ಕ್ರಿಕೆಟ್ಟಿನ ವಿಷಯ ಹೇಳುವುದೇ ಬೇಡ, ಬೌಂಡರಿಯಲ್ಲಿ ನಿಂತ ಹುಡುಗ ಅರ್ಧ ಗಂಟೆ ಹುಲ್ಲು ಕೀಳುತ್ತಿರುತ್ತಾನೆ.

ಇವು ಕೆಟ್ಟ ಆಟಗಳು ಎಂದು ಹೇಳುತ್ತಿಲ್ಲ. ಸ್ಪರ್ಧೆಗೆ ಅವು ಬೇಕು. ತರಗತಿಯ ಎಲ್ಲರ ಮೈ ಬೆವರಬೇಕೆಂಬುದು ಉದ್ದೇಶವಾದರೆ ಬೇರೆ ಆಟ ಬೇಕು, ಇಲ್ಲವೇ ಇದೇ ಆಟದ ನಿಯಮ ಬದಲಿಸಬೇಕು. ಆ ಆಟಗಳನ್ನು ಎಲ್ಲಿಂದಲೋ ತರಬೇಕಾಗಿಲ್ಲ. ಸರಪಳಿ ಆಟದಲ್ಲಿ ಸಿಕ್ಕಿಬಿದ್ದವನು ಕೂರುವುದಿಲ್ಲ, ಹಿಡಿಯುವವರ ಕೈಹಿಡಿದು ಸರಪಳಿಗೆ ಸೇರಿ ಓಡುತ್ತಾನೆ. ನಿಧಾನ ಓಡುವ ಮಗು ಮೊದಲು ಸಿಗುತ್ತದೆ ಎಂದಿಟ್ಟುಕೊಳ್ಳಿ, ಆ ಮಗುವೇ ಎಲ್ಲರಿಗಿಂತ ಹೆಚ್ಚು ಹೊತ್ತು ಸರಪಳಿಯಲ್ಲಿರುತ್ತದೆ! ವಿಷ-ಅಮೃತದಲ್ಲಿ ವಿಷ ಮುಟ್ಟಿಸಿಕೊಂಡವನನ್ನು ಗೆಳೆಯ ಬಂದು ಅಮೃತ ಮುಟ್ಟಿಸಿ ಬಿಡಿಸುತ್ತಾನೆ. ಲಗೋರಿಯ ನಿಯಮವನ್ನು ನಮ್ಮ ಒಬ್ಬ ಪ್ರಶಿಕ್ಷಣಾರ್ಥಿ ಹೀಗೆ ತಿದ್ದಿದರು: ಚೆಂಡು ತಗುಲಿದವನು ಹೊಂಗೆಮರವನ್ನು ಮುಟ್ಟಿಕೊಂಡು ಓಡಿ ಬಂದರೆ ಮತ್ತೆ ಆಟಕ್ಕೆ. ಕೂರುವ ಜಾಗವಾಗಿದ್ದ ಮರ ಓಡುವ ಗುರಿಯಾಯಿತು. ಮೊದಲ ದಿನ ಹುಡುಗರು ‘ಇದು ಮೋಸ ಸಾರ್, ಔಟಾದ್ರೆ ಔಟೇ’ ಎಂದು ತಕರಾರು ಮಾಡಿದರಂತೆ. ಎರಡನೇ ವಾರದ ಹೊತ್ತಿಗೆ ಅದೇ ನಿಯಮವಾಗಿಬಿಟ್ಟಿತ್ತು. ಬಾಟಲಿ ಕಾಯುತ್ತಿದ್ದ ಹುಡುಗ ಮರಕ್ಕೂ ಮೈದಾನಕ್ಕೂ ಎಷ್ಟು ಸಲ ಓಡಾಡಿದನೋ! ಏದುಸಿರು ಬಿಡುತ್ತಿದ್ದ, ನಡುವೆ ನಡೆಯುತ್ತಿದ್ದ, ಮತ್ತೆ ಓಡುತ್ತಿದ್ದ. ಅವನ ತೂಕ ಇಳಿಯಿತೇ ಎಂದು ಕೇಳಬೇಡಿ, ನಾವು ನೋಡಿಲ್ಲ. ಅವನು ಕೂರಲಿಲ್ಲ ಎಂಬುದು ನಮ್ಮ ಪಟ್ಟಿಯಲ್ಲಿದೆ.

ಹೆಣ್ಣುಮಕ್ಕಳ ವಿಷಯ ಬೇರೆಯೇ. ಏಳನೇ ತರಗತಿಯವರೆಗೆ ಓಡುತ್ತಿದ್ದವರು ಎಂಟಕ್ಕೆ ಬರುತ್ತಲೇ ಗೋಡೆಗೆ ಒರಗಿ ನಿಲ್ಲುತ್ತಾರೆ. ಕಾರಣಗಳನ್ನು ಅವರು ಪುರುಷ ಶಿಕ್ಷಕರಿಗೆ ಹೇಳುವುದಿಲ್ಲ. ದುಪಟ್ಟಾ ಜಾರುತ್ತದೆ, ಹುಡುಗರು ನೋಡುತ್ತಾರೆ, ಮುಟ್ಟಿನ ದಿನ, ಶೌಚಾಲಯದಲ್ಲಿ ನೀರಿಲ್ಲ. ನಮ್ಮ ಮಹಿಳಾ ಪ್ರಶಿಕ್ಷಣಾರ್ಥಿಗಳು ಮೊದಲ ವಾರ ಶಿಳ್ಳೆ ಹಿಡಿದು ಬದಿಯಲ್ಲಿ ನಿಂತಿದ್ದರು. ಯಾರೂ ಕದಲಲಿಲ್ಲ. ಎರಡನೇ ವಾರ ಅವರಲ್ಲಿ ಇಬ್ಬರು ಸೀರೆಯ ಸೆರಗು ಸಿಕ್ಕಿಸಿಕೊಂಡು ತಾವೇ ಥ್ರೋಬಾಲ್ ಆಡಲು ಇಳಿದರು. ಆಮೇಲೆ ಹುಡುಗಿಯರು ಬಂದರು. ಇಂಟರ್ನ್‌ಶಿಪ್‌ಗೆ ಸೀರೆಯೇ ಕಡ್ಡಾಯ ಎಂಬ ನಮ್ಮ ಕಾಲೇಜುಗಳ ಪದ್ಧತಿಯ ಬಗ್ಗೆ ಇನ್ನೊಂದು ಲೇಖನವನ್ನೇ ಬರೆಯಬಹುದು. ಸದ್ಯಕ್ಕೆ ಆಟದ ಅವಧಿ ಇರುವ ದಿನವಾದರೂ ಚೂಡಿದಾರಕ್ಕೆ ಅನುಮತಿ ಕೊಡಿ ಎಂದಷ್ಟೇ ಪ್ರಾಂಶುಪಾಲರಲ್ಲಿ ಕೇಳುತ್ತೇನೆ.

ಇದಕ್ಕೆ ಬಂದ ಆಕ್ಷೇಪಗಳಲ್ಲಿ ಒಂದು ನನ್ನನ್ನು ನಿಜವಾಗಿ ಕಾಡಿದೆ. ‘ದೈಹಿಕ ಶಿಕ್ಷಕರ ಹುದ್ದೆ ತುಂಬದೇ ಇರುವವರಿಗೆ ನಾವೇ ನೆಪ ಒದಗಿಸಿದ ಹಾಗಲ್ಲವೇ? ಸಂಬಳವಿಲ್ಲದ ಹುಡುಗರು ಸಿಕ್ಕರೆ ಯಾರು ನೇಮಕ ಮಾಡುತ್ತಾರೆ?’ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಕನಿಷ್ಠ ಅರೆಕಾಲಿಕ ಶಿಕ್ಷಕರಾದರೂ ಇರಬೇಕೆಂದು, ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಅದನ್ನು ಕೇಳುವುದನ್ನು ನಿಲ್ಲಿಸಬೇಕೆಂದು ನಾನು ಹೇಳಲಾರೆ. ಪ್ರಶಿಕ್ಷಣಾರ್ಥಿ ದೈಹಿಕ ಶಿಕ್ಷಕರ ಬದಲಿಯಲ್ಲ. ಅವರಿರುವ ಕಡೆ ಅವರ ಕೈಕೆಳಗೆ ಕೆಲಸ ಮಾಡಬೇಕು. ಯಾವ ಮಗುವಿಗೆ ಉಬ್ಬಸ ಇದೆ, ಯಾರ ಕಾಲಿಗೆ ಪೆಟ್ಟಾಗಿದೆ, ಬಿಸಿಲಲ್ಲಿ ಎಷ್ಟು ಹೊತ್ತು ಆಡಿಸಬೇಕು ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ, ನಮ್ಮವರಿಗಲ್ಲ. ಆದರೂ ಸಹೋದ್ಯೋಗಿಯ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನೇಮಕಾತಿಗೆ ಕಾಯುತ್ತಾ ಕೂತರೆ ಈ ಏಳನೇ ತರಗತಿ ಹತ್ತನೇ ತರಗತಿಯಾಗಿರುತ್ತದೆ ಎಂಬುದೂ ನಿಜ.

ಎರಡನೆಯದು, ಹದಿನಾರು ವಾರ ಮುಗಿದ ಮೇಲೆ ಏನು? ಇದಕ್ಕೆ ಉತ್ತರವಿದೆ. ನಮ್ಮವರು ಹೋಗುವ ಮುನ್ನ ಎಂಟು ಒಂಬತ್ತನೇ ತರಗತಿಯ ಮಕ್ಕಳನ್ನು ಆಟದ ಮುಂದಾಳುಗಳಾಗಿ ತಯಾರು ಮಾಡಬೇಕು. ಕೆನಡಾದಲ್ಲಿ ‘ಹೆಲ್ದಿ ಬಡ್ಡೀಸ್’ ಎಂಬ ಕಾರ್ಯಕ್ರಮದಲ್ಲಿ ಮೇಲಿನ ತರಗತಿಯ ಮಕ್ಕಳೇ ಕೆಳಗಿನ ತರಗತಿಯವರನ್ನು ಜೋಡಿ ಮಾಡಿಕೊಂಡು ಆಟವನ್ನೂ ಊಟದ ಒಳ್ಳೆಯ ಅಭ್ಯಾಸವನ್ನೂ ಕಲಿಸುತ್ತಾರೆ. ಮ್ಯಾನಿಟೋಬಾ ಪ್ರಾಂತ್ಯದ ಶಾಲೆಗಳಲ್ಲಿ ಅದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಕ್ಕಳ ಸೊಂಟದ ಸುತ್ತಳತೆಯಲ್ಲಿ ಸಣ್ಣ ಸುಧಾರಣೆ ಕಂಡಿತು. ಚಿಕ್ಕ ಮಕ್ಕಳಿಗೆ ಟೀಚರ್ ಹೇಳಿದ್ದಕ್ಕಿಂತ ಒಂಬತ್ತನೇ ತರಗತಿಯ ಅಕ್ಕ ಹೇಳಿದ್ದು ರುಚಿಸುತ್ತದೆ, ಇದಕ್ಕೆ ಸಂಶೋಧನೆಯೂ ಬೇಕಾಗಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಮುಂದಾಳುಗಳನ್ನು ಆರಿಸುವಾಗ ಶಾಲಾ ತಂಡದ ಹುಡುಗರನ್ನೇ ಆರಿಸಬೇಡಿ. ಚೆನ್ನಾಗಿ ಓಡಲಾರದ, ಆದರೆ ತಮಾಷೆಯಾಗಿ ಮಾತಾಡಬಲ್ಲ ಮಕ್ಕಳು ಎಷ್ಟೋ ಸಲ ಉತ್ತಮ ಮುಂದಾಳುಗಳಾಗುತ್ತಾರೆ.

ಶಾಲೆಯೊಂದೇ ಬೊಜ್ಜನ್ನು ತಡೆದುಬಿಡುತ್ತದೆ ಎಂದು ನಾನು ಭಾಷಣ ಮಾಡಲಾರೆ. ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪ್ರದೇಶದ 54 ಶಾಲೆಗಳಲ್ಲಿ ಆರೇಳು ವರ್ಷದ ಮಕ್ಕಳ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಒಂದು ವರ್ಷ ಕಾಲ ದಿನಕ್ಕೆ 30 ನಿಮಿಷ ಹೆಚ್ಚಿನ ಚಟುವಟಿಕೆ, ಪೋಷಕರಿಗೆ ಅಡುಗೆಯ ತರಬೇತಿ, ಆಸ್ಟನ್ ವಿಲ್ಲಾ ಫುಟ್‌ಬಾಲ್ ಕ್ಲಬ್ಬಿನ ಜೊತೆ ಕಾರ್ಯಕ್ರಮ ಎಲ್ಲವೂ ಇತ್ತು. 2018ರಲ್ಲಿ ಫಲಿತಾಂಶ ಬಂದಾಗ ಮಕ್ಕಳ ಬಿಎಂಐನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹೆಸರಾಂತ ಕ್ರೀಡಾ ಕ್ಲಬ್ಬು ಜೊತೆಗಿದ್ದರೂ ಹೀಗಾಯಿತು. ಮನೆ, ಬೀದಿ, ಅಂಗಡಿ, ಮೊಬೈಲು ಇವೆಲ್ಲ ಶಾಲೆಯ ಗೇಟಿನ ಹೊರಗೆ ಕಾಯುತ್ತಿರುತ್ತವೆ. ಅದೇ ಬ್ರಿಟನ್ನಿನಲ್ಲಿ ಇನ್ನೊಂದು ಸರಳ ಸಂಗತಿಯೂ ನಡೆದಿದೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಊರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಎಲೇನ್ ವೈಲಿ 2012ರಲ್ಲಿ ಮಕ್ಕಳನ್ನು ದಿನಾ 15 ನಿಮಿಷ ಹೊರಗೆ ಓಡಿಸಲು, ನಡೆಸಲು ಆರಂಭಿಸಿದರು. ಬಟ್ಟೆ ಬದಲಿಸುವುದಿಲ್ಲ, ಸ್ಪರ್ಧೆಯಿಲ್ಲ, ಮೊದಲನೆಯವನು ಕೊನೆಯವನು ಎಂದಿಲ್ಲ. ‘ಡೈಲಿ ಮೈಲ್’ ಎಂಬ ಹೆಸರಿನಲ್ಲಿ ಅದು ಈಗ ಹಲವು ದೇಶಗಳಿಗೆ ಹಬ್ಬಿದೆ. ನಮ್ಮ ಶಾಲೆಗಳಲ್ಲಿ ಪ್ರಾರ್ಥನೆ ಮುಗಿದ ಮೇಲೆ ಸಾಲಿನಲ್ಲಿ ತರಗತಿಗೆ ಹೋಗುವ ಬದಲು ಮೈದಾನವನ್ನು ಎರಡು ಸುತ್ತು ಹಾಕಿಕೊಂಡು ಹೋದರೆ ಯಾವ ಅವಧಿಯೂ ಕಳೆದುಹೋಗುವುದಿಲ್ಲ. ಇಂಥದ್ದನ್ನು ಬೊಜ್ಜಿನ ಔಷಧಿ ಎಂದು ಮಾರಬೇಕಿಲ್ಲ. ಓಡಿದ ಮಗುವಿಗೆ ಹಸಿವಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ, ಗೆಳೆಯರು ಸಿಗುತ್ತಾರೆ.

ಗೇಟಿನ ಹೊರಗಿನ ಅಂಗಡಿಯ ಮಾತು ಬಂತು. ಶಾಲೆಯ ಒಳಗೂ ಗೇಟಿನಿಂದ 50 ಮೀಟರ್ ಸುತ್ತಲೂ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಪ್ರಶಿಕ್ಷಣಾರ್ಥಿಗಳನ್ನು ಕರೆದುಕೊಂಡು ಹೋಗಿ 50 ಮೀಟರ್ ಅಳೆಸಿ ನೋಡಿ, ಗಣಿತದ ಒಳ್ಳೆಯ ಚಟುವಟಿಕೆ. ಆದರೆ ಅಂಗಡಿಯವರನ್ನು ದೂರುವ ಮೊದಲು ನಮ್ಮ ಬ್ಯಾಗು ತೆರೆದು ನೋಡೋಣ. ಬೋಧನಾಭ್ಯಾಸಕ್ಕೆ ಹೊರಟ ನಮ್ಮವರ ಬ್ಯಾಗಿನಲ್ಲಿ ಚಾರ್ಟ್, ಡಸ್ಟರ್ ಜೊತೆಗೆ ಒಂದು ಚಾಕೊಲೇಟ್ ಪ್ಯಾಕೆಟ್ ಇದ್ದೇ ಇರುತ್ತದೆ. ಸರಿಯುತ್ತರಕ್ಕೆ ಒಂದು, ಶಾಂತವಾಗಿ ಕೂತದ್ದಕ್ಕೆ ಒಂದು, ವೀಕ್ಷಕರು ಬರುವ ದಿನವಾದರೆ ಎಲ್ಲರಿಗೂ ಒಂದೊಂದು. ಪಾಠಯೋಜನೆಯಲ್ಲಿ ಇದಕ್ಕೆ ‘ಪುನರ್ಬಲನ’ ಎಂದು ಹೆಸರು, ನಾವು ಅದಕ್ಕೆ ಅಂಕವನ್ನೂ ಕೊಡುತ್ತೇವೆ! ಒಂದು ತರಗತಿಗೆ ಒಂದೇ ದಿನ ಮೂವರು ಪ್ರಶಿಕ್ಷಣಾರ್ಥಿಗಳ ಪಾಠವಿದ್ದರೆ, ಮೇಲೆ ಯಾರದಾದರೂ ಹುಟ್ಟುಹಬ್ಬವಿದ್ದರೆ ಲೆಕ್ಕ ನೀವೇ ಹಾಕಿ. ಈ ಮಕ್ಕಳಿಗೆ ಸಮತೋಲನ ಆಹಾರದ ಪಾಠ ಮಾಡಿ ಕೊನೆಗೆ ಚಾಕೊಲೇಟ್ ಹಂಚಿದ ವಿಜ್ಞಾನದ ಪ್ರಶಿಕ್ಷಣಾರ್ಥಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರನ್ನು ಬೈಯಲಿಲ್ಲ, ನಾವು ಕಲಿಸಿದ್ದನ್ನೇ ಅವರು ಮಾಡಿದ್ದರು. ಸರಿಯುತ್ತರ ಹೇಳಿದವರ ಸಾಲಿಗೆ ಎರಡು ನಿಮಿಷ ಬೇಗ ಆಟಕ್ಕೆ ಬಿಡುತ್ತೇನೆ ಎಂದು ನೋಡಿ, ಅದಕ್ಕಿಂತ ದೊಡ್ಡ ಪುನರ್ಬಲನ ಮಕ್ಕಳಿಗಿಲ್ಲ. (ತಪ್ಪು ಹೇಳಿದವರನ್ನು ಕೂರಿಸಿ ಆಟ ತಪ್ಪಿಸುವ ಪದ್ಧತಿ ಮಾತ್ರ ಬೇಡ. ಹೋಂವರ್ಕ್ ಮಾಡದ ಮಗುವಿಗೆ ಆಟ ಕತ್ತರಿಸುವುದು ನಮ್ಮ ಶಾಲೆಗಳಲ್ಲಿ ಇನ್ನೂ ನಡೆಯುವ ಶಿಕ್ಷೆ.)

ಎರಡನೇ ವರ್ಷದವರು ಮುಂದಿನ ತಿಂಗಳು ಶಾಲೆಗಳಿಗೆ ಹೋಗುತ್ತಾರೆ. ಪಾಠಯೋಜನೆಯ ನಮೂನೆಯನ್ನು ಬದಲಿಸುವುದು ವಿಶ್ವವಿದ್ಯಾಲಯದ ಕೆಲಸ, ಅದಕ್ಕೆ ಕೈಹಾಕುತ್ತಿಲ್ಲ. ನಮ್ಮ ಕಾಲೇಜಿನ ಮಟ್ಟಿಗೆ ಅವಲೋಕನ ಪುಸ್ತಕದ ಹಿಂದೆ ಒಂದು ಹಾಳೆ ಸೇರಿಸಿದ್ದೇವೆ. ವಾರಕ್ಕೊಮ್ಮೆ ಒಂದು ಆಟದ ಅವಧಿಯನ್ನು ಪೂರ್ತಿ ನೋಡಿ ಮೂರು ಕಾಲಂ ತುಂಬಬೇಕು: ಆಟ ನಿಜವಾಗಿ ನಡೆದ ನಿಮಿಷಗಳು, ಹೆಚ್ಚು ಹೊತ್ತು ಕೂತಿದ್ದ ಅಥವಾ ನಿಂತಿದ್ದ ಮಕ್ಕಳು ಎಷ್ಟು, ಮುಂದಿನ ವಾರಕ್ಕೆ ಯಾವ ನಿಯಮ ಬದಲಿಸುತ್ತೀರಿ. ಮಕ್ಕಳ ಹೆಸರು ಬರೆಯಬಾರದು, ತೂಕ ಬರೆಯಬಾರದು. ಹಾಳೆಗಳು ಜೆರಾಕ್ಸ್ ಆಗಿ ಬಂದಿವೆ, ಸೋಮವಾರ ಮೊದಲ ಅವಧಿಯಲ್ಲಿ ಹಂಚುತ್ತೇನೆ. ಶಾಲೆಯಲ್ಲಿ ಮೊಬೈಲ್ ಬಳಸುವಂತಿಲ್ಲವಾದ್ದರಿಂದ ಎಲ್ಲರೂ ಕೈಗಡಿಯಾರ ಕಟ್ಟಿಕೊಂಡು ಬನ್ನಿ.